ಮಂದಿ ಮುಂದೆ ಗೋಡೆ ಹಾರುವುದು ಹೇಗೆ: ನಾಚಿಕೆ ಇರುವವರಿಗೆ ಪಾರ್ಕೂರ್ ಮಾರ್ಗದರ್ಶಿ

ಮೊದಲ ದಿನ ನಾನು ಮಾಡಿದ್ದು ಒಂದೇ ಕೆಲಸ. ಶೂ ಲೇಸ್ ಕಟ್ಟಿಕೊಂಡಿದ್ದು. ನಾಲ್ಕು ಸಲ.

ವಿಜಯಪುರದಲ್ಲಿ ನಮ್ಮ ಬಡಾವಣೆಯ ಉದ್ಯಾನ. ಬೆಳಿಗ್ಗೆ ಆರು ಗಂಟೆ. ಎದುರಿಗೆ ಮೊಣಕಾಲೆತ್ತರದ ಕಟ್ಟೆ. ಮನೆಯ ಮಾಳಿಗೆ ಮೇಲೆ ಅದಕ್ಕಿಂತ ಎತ್ತರದ್ದನ್ನು ನೂರು ಸಲ ದಾಟಿದ್ದೆ. ಆದರೆ ಇಲ್ಲಿ ಬೆಂಚಿನ ಮೇಲೆ ಇಬ್ಬರು ಹಿರಿಯರು ಕೂತಿದ್ದರು. ಒಬ್ಬ ಅಮ್ಮ ಮೊಬೈಲಿನಲ್ಲಿ ವಚನ ಹಚ್ಚಿಕೊಂಡು ಸುತ್ತು ಹಾಕುತ್ತಿದ್ದರು. ಅವರು ಆ ಕಡೆ ತಿರುಗಿದಾಗ ಹಾರಿಬಿಡೋಣ ಅಂತ ಕಾಯುತ್ತಿದ್ದೆ. ಅಷ್ಟರಲ್ಲಿ ತಿರುಗಿ ಬಂದೇಬಿಡುತ್ತಿದ್ದರು. ನಾನು ಬಗ್ಗಿ ಲೇಸ್ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ಐದನೇ ಸುತ್ತಿಗೆ ಎದ್ದು ಮನೆಗೆ ಹೋದೆ.

ನಿಮಗೂ ಹೀಗೆ ಆಗಿದ್ದರೆ ಇದು ನಿಮಗಾಗಿಯೇ ಬರೆದಿದ್ದು. ಧೈರ್ಯ ತಂದುಕೊಳ್ಳಿ ಅಂತ ಹೇಳುವುದಿಲ್ಲ. ಅದು ಅಂಗಡಿಯಲ್ಲಿ ಸಿಗುವುದಾಗಿದ್ದರೆ ನಾನೇ ಮೊದಲು ಎರಡು ಕಿಲೋ ತರುತ್ತಿದ್ದೆ. ನನಗೆ ಉಪಯೋಗಕ್ಕೆ ಬಂದ ಕ್ರಮ ಏನು, ಯಾವುದು ಬರಲಿಲ್ಲ, ಅಷ್ಟು ಹೇಳುತ್ತೇನೆ.

ಮೊದಲು ಪಾರ್ಕೂರ್ ಬಗ್ಗೆ ಎರಡು ಮಾತು

ಗೋಡೆ, ಕಟ್ಟೆ, ಮೆಟ್ಟಿಲು, ಕಂಬಿ ಏನೇ ಅಡ್ಡ ಬಂದರೂ ಯಾವ ಸಲಕರಣೆ ಇಲ್ಲದೆ, ಮೈಯನ್ನೇ ನಂಬಿ ದಾಟಿಕೊಂಡು ಹೋಗುವ ಕಸರತ್ತು ಇದು. ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲ್ಲಿ ಸೈನಿಕರ ಅಡೆತಡೆ ಓಟಕ್ಕೆ 'ಪಾರ್ಕೂರ್ ದ್ಯು ಕೊಂಬಾತಾಂ' ಅನ್ನುತ್ತಾರೆ. ಹೆಸರು ಬಂದಿದ್ದು ಅದರಿಂದ. ಪ್ಯಾರಿಸ್ ಹತ್ತಿರದ ಲೀಸ್ ಎಂಬ ಊರಿನಲ್ಲಿ ಡೇವಿಡ್ ಬೆಲ್ ಮತ್ತು ಅವನ ಗೆಳೆಯರು ಇದನ್ನು ಬೆಳೆಸಿದರು. ಡೇವಿಡ್‌ಗೆ ಇದರ ರುಚಿ ಹತ್ತಿಸಿದ್ದು ಅವನ ಅಪ್ಪ ರೇಮಂಡ್ ಬೆಲ್. ಆ ಮನುಷ್ಯ ಚಿಕ್ಕವನಿದ್ದಾಗ ವಿಯೆಟ್ನಾಮಿನ ಒಂದು ಸೈನಿಕ ಅನಾಥಾಲಯದಲ್ಲಿ ಬೆಳೆದವನು. ಎಲ್ಲರೂ ಮಲಗಿದ ಮೇಲೆ ಎದ್ದು, ಕದ್ದುಮುಚ್ಚಿ, ಅಲ್ಲಿನ ಅಡೆತಡೆಗಳ ಮೇಲೆ ಅಭ್ಯಾಸ ಮಾಡುತ್ತಿದ್ದನಂತೆ. ಅಂದರೆ ಯಾರೂ ನೋಡದ ಹೊತ್ತು ಹುಡುಕುವ ಚಾಳಿ ಈ ಆಟದ ಮೂಲದಲ್ಲೇ ಇದೆ. ಲೇಸ್ ಕಟ್ಟಿದ್ದಕ್ಕೆ ನಾಚಿಕೊಳ್ಳಬೇಡಿ.

ಹೆಜ್ಜೆ 1: ಯಾರಿಗೆ ಅಂಜುತ್ತಿದ್ದೀರಿ ಅಂತ ಗುರುತಿಸಿ

'ಮಂದಿ ಏನಂತಾರೋ' ಅನ್ನುತ್ತೇವೆ. ಯಾವ ಮಂದಿ? ನಾನು ಒಂದು ಸಂಜೆ ಕೂತು ಬರೆದು ನೋಡಿದೆ. ಪೂರ್ತಿ ಅಪರಿಚಿತರು ನಕ್ಕರೆ ನನಗೇನೂ ಅನಿಸುತ್ತಿರಲಿಲ್ಲ. ಪುಣೆಗೆ ಹೋಗಿದ್ದಾಗ ಬಸ್‌ಸ್ಟ್ಯಾಂಡ್ ಪಕ್ಕದ ಕಟ್ಟೆಯನ್ನು ಆರಾಮಾಗಿ ಹಾರಿದ್ದೆ. ನನ್ನ ಭಯ ಇದ್ದಿದ್ದು ಅರ್ಧ ಪರಿಚಿತರದ್ದು. ಅಪ್ಪನ ಜೊತೆ ಕೆಲಸ ಮಾಡುವವರು, ಕಿರಾಣಿ ಅಂಗಡಿ ಕಾಕಾ, ಅಕ್ಕನ ಗಂಡನ ಕಡೆಯವರು. ಇವರು ನಗುವುದಿಲ್ಲ. ಮನೆಗೆ ಸುದ್ದಿ ಮುಟ್ಟಿಸುತ್ತಾರೆ. 'ನಿಮ್ಮ ಹುಡುಗ ಮುಂಜಾನೆದ್ದು ಗೋಡಿ ಜಿಗೀತಾನಲ್ಲ, ಏನರ ಆಗೇತೇನು?' ಅಂತ.

ಇದಕ್ಕೆ ಮದ್ದು ಸಲೀಸು. ಅವರು ಹೇಳುವ ಮುಂಚೆ ನೀವೇ ಮನೆಯಲ್ಲಿ ಹೇಳಿಬಿಡಿ. ಮೊಬೈಲಿನಲ್ಲಿ ದೊಡ್ಡ ದೊಡ್ಡ ಕಟ್ಟಡ ಹಾರುವ ವಿಡಿಯೋ ತೋರಿಸಬೇಡಿ, ಅಲ್ಲಿಗೆ ಕಥೆ ಮುಗಿಯುತ್ತದೆ. ನಿಮ್ಮದೇ ಮಾಳಿಗೆ ಮೇಲೆ ಎರಡು ಇಟ್ಟಿಗೆ ಇಟ್ಟು, ಒಂದರಿಂದ ಇನ್ನೊಂದರ ಮೇಲೆ ಮೆತ್ತಗೆ ಹಾರಿ ತೋರಿಸಿ. ನಮ್ಮವ್ವ ನೋಡಿ, 'ಇಷ್ಟss?' ಅಂದಳು. ಅರ್ಧ ಭಾರ ಅಲ್ಲೇ ಇಳಿಯಿತು.

ಹೆಜ್ಜೆ 2: ಎಷ್ಟು ಜನ ನಿಜವಾಗಿ ನೋಡುತ್ತಾರೆ?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಅವರ ಜೊತೆಗಾರರು 2000ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಚಿತ್ರದ ಟೀ ಶರ್ಟ್ ಹಾಕಿಸಿ, ಬೇರೆ ವಿದ್ಯಾರ್ಥಿಗಳು ಕೂತಿದ್ದ ಕೋಣೆಗೆ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಹೊರಗೆ ಬಂದ ಮೇಲೆ ಕೇಳಿದರು. ಹೆಚ್ಚುಕಮ್ಮಿ ಅರ್ಧದಷ್ಟು ಜನ ಅಂತ ಅವರ ಅಂದಾಜು. ನಿಜಕ್ಕೂ ಗಮನಿಸಿದ್ದು ಅದರಲ್ಲಿ ಅರ್ಧ, ಅಂದರೆ ಕಾಲುಭಾಗದಷ್ಟು ಜನ.

ಇದನ್ನು ಓದಿ ನಾನು ಸುಮ್ನೆ ಸಮಾಧಾನ ಮಾಡಿಕೊಳ್ಳಲಿಲ್ಲ. ಟೀ ಶರ್ಟ್ ಬೇರೆ, ಗೋಡೆ ಹಾರುವುದು ಬೇರೆ. ಹಾರಿದರೆ ನೋಡೇ ನೋಡುತ್ತಾರೆ. ಆದರೆ ಎಷ್ಟು ಹೊತ್ತು? ಒಂದು ಬೆಳಿಗ್ಗೆ ಲೆಕ್ಕ ಹಾಕಿದೆ. ಬೆಂಚಿನ ಹಿರಿಯರು ನನ್ನನ್ನು ನೋಡಿದರು, ಒಂದು ಜಿಗಿತ ಮುಗಿಯಿತು, ಮತ್ತೆ ಕಡಲೆ ಬೆಲೆಗೆ ಹೊರಳಿದರು. ನಮ್ಮ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಏಳು ಸಲ ಕೇಳುತ್ತದಲ್ಲ, ನಾಚಿಕೆಯೂ ಹಾಗೇ. ನೋಡಿದವನು ಒಂದು ಸಲ ನಕ್ಕು ಹೋಗಿರುತ್ತಾನೆ. ಉಳಿದ ಆರು ನಮ್ಮ ತಲೆಯೊಳಗಿನವು.

ಇನ್ನೊಂದು ಮಾತು. ನಮ್ಮ ಕಡೆ ಜನ ಕಣ್ಣು ಕೀಳದೆ ನೋಡುತ್ತಾರೆ, ನಿಜ. ಆದರೆ ಇದು ಕಸರತ್ತು ನೋಡಿ ಬೆಳೆದ ಊರು. ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವನ ಸುತ್ತ, ಕುಸ್ತಿ ಕಣದ ಸುತ್ತ ನಿಂತು ಅಭ್ಯಾಸ ಆದವರು. ಅವರಿಗೆ ನೋಡುವುದು ಅಂದರೆ 'ಯಾರ ಮಗ ಇವನು, ಏನು ಮಾಡ್ತಿದಾನೆ' ಅಂತ ಕೇಳಿದ ಹಾಗೆ. ಉತ್ತರ ಸಿಗುವವರೆಗೆ ನೋಡುತ್ತಾರೆ. ಸೈಕ್ಲಿಂಗ್ ಹುಡುಗರನ್ನೇ ನೋಡಿ. ವಿಜಯಪುರ, ಬಾಗಲಕೋಟೆ ಕಡೆ ರಸ್ತೆ ಮೇಲೆ ಮೈಗಂಟುವ ಚಡ್ಡಿ ಹಾಕಿಕೊಂಡು ಸಾಲಾಗಿ ಹೋಗುತ್ತಾರೆ. ಈಗ ಯಾರು ತಿರುಗಿ ನೋಡುತ್ತಾರೆ? ಉತ್ತರ ಎಲ್ಲರಿಗೂ ಗೊತ್ತಾಗಿದೆ, ಅಷ್ಟೇ. ಹಾಗಾಗಿ ನೋಟವನ್ನು ತಪ್ಪಿಸುವ ಉಪಾಯ ನಾನು ಹೇಳುವುದಿಲ್ಲ. ಪರಿಚಿತರಾಗುವ ಉಪಾಯ ಹೇಳುತ್ತೇನೆ.

ಹೆಜ್ಜೆ 3: ಹೊಸದನ್ನು ಮನೆಯಲ್ಲಿ, ಹಳೆಯದನ್ನು ಹೊರಗೆ

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ರಾಬರ್ಟ್ ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ತೋರಿಸಿದ್ದೇನೆಂದರೆ, ಚೆನ್ನಾಗಿ ರೂಢಿಯಾದ ಕೆಲಸ ನಾಲ್ಕು ಜನರ ಎದುರು ಇನ್ನೂ ಚೆನ್ನಾಗಿ ಆಗುತ್ತದೆ, ಇನ್ನೂ ಕಲಿಯುತ್ತಿರುವ ಕೆಲಸ ಕೆಡುತ್ತದೆ. ಆಮೇಲೆ 1969ರಲ್ಲಿ ಇದನ್ನು ಜಿರಲೆಗಳ ಮೇಲೂ ಪರೀಕ್ಷೆ ಮಾಡಿದರು. ಬೇರೆ ಜಿರಲೆಗಳು ನೋಡುತ್ತಿದ್ದಾಗ ನೇರ ದಾರಿಯಲ್ಲಿ ಜೋರಾಗಿ ಓಡಿದವು, ತಿರುವಿನ ದಾರಿಯಲ್ಲಿ ತಡವರಿಸಿದವು. ಜಿರಲೆಗಳಿಗೂ ಈ ಪಾಡು!

ಆದ್ದರಿಂದ ಮಾಳಿಗೆ ಅಥವಾ ಹಿತ್ತಿಲಲ್ಲಿ ಶುರು ಮಾಡಿ. ಮಾಳಿಗೆಯಾದರೆ ನಟ್ಟನಡುವೆ, ಅಂಚಿನಿಂದ ದೂರ. ಮೂರು ಸಾಕು.

ಒಂದು, ಪ್ರಿಸಿಷನ್ ಜಂಪ್. ಸುಣ್ಣದ ಕಡ್ಡಿಯಿಂದ ಎರಡು ಗೆರೆ ಎಳೆಯಿರಿ, ನಿಮ್ಮದೇ ನಾಲ್ಕು ಪಾದ ಅಂತರ. ಎರಡೂ ಕಾಲು ಜೋಡಿಸಿ ಹಾರಿ, ಪಾದದ ಮುಂಭಾಗದ ಮೇಲೆ ಇಳಿದು, ಮೊಣಕಾಲು ಮಡಚಿ ಎರಡು ಸೆಕೆಂಡ್ ಅಲ್ಲಾಡದೆ ನಿಲ್ಲಿ. ಹಿಮ್ಮಡಿ ನೆಲಕ್ಕೆ ಬಡಿಯಬಾರದು. ಎರಡು, ಸೇಫ್ಟಿ ವಾಲ್ಟ್. ಒಂದು ಕೈ ಕಟ್ಟೆ ಮೇಲೆ, ಅದರ ಎದುರು ಬದಿಯ ಕಾಲು ಕಟ್ಟೆ ಮೇಲೆ, ಇನ್ನೊಂದು ಕಾಲು ಆ ಸಂದಿನಿಂದ ಆಚೆಗೆ. ಮೂರು, ಉರುಳುವುದು. ಮೊದಲು ಗಾದಿ ಮೇಲೆ, ಆಮೇಲೆ ಹುಲ್ಲು ಅಥವಾ ಮರಳಿನ ಮೇಲೆ. ಒಂದು ಭುಜದಿಂದ ಎದುರು ಸೊಂಟದ ಕಡೆ ಓರೆಯಾಗಿ ಉರುಳಬೇಕು. ಬೆನ್ನುಮೂಳೆ ಮೇಲೆ ನೇರವಾಗಿ ಉರುಳಿದರೆ ಮರುದಿನ ಬಗ್ಗಿ ಚೊಂಬು ಎತ್ತಲಿಕ್ಕೂ ಆಗುವುದಿಲ್ಲ.

ಮನೆಯಲ್ಲಿ ಸತತ ಹತ್ತು ಸಲ ಸದ್ದಿಲ್ಲದೆ ಬಂದದ್ದನ್ನು ಮಾತ್ರ ಹೊರಗೆ ಒಯ್ಯಿರಿ. ಒಂಬತ್ತು ಬಂದು ಹತ್ತನೆಯದು ತಪ್ಪಿದರೆ ಮತ್ತೆ ಒಂದರಿಂದ.

ಹೆಜ್ಜೆ 4: ಜಾಗ

ವಿಜಯಪುರದಲ್ಲಿ ಪಾರ್ಕೂರ್ ಅಂದ ತಕ್ಷಣ ಕಣ್ಣು ಹೋಗುವುದು ಎಲ್ಲಿಗೆ ಅಂತ ನನಗೆ ಗೊತ್ತು. ಕೋಟೆ ಗೋಡೆ, ಬಾರಾ ಕಮಾನ್, ಹೊರಗಿನಿಂದ ಸುತ್ತಿಕೊಂಡು ಮೆಟ್ಟಿಲು ಏರುವ ಉಪ್ಪಲಿ ಬುರುಜು. ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆ, 2010ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾಯ್ದೆ ಬಿಡಿ, ನಾಲ್ಕು ನೂರು ವರ್ಷದ ಗಾರೆ ಕೈಯಲ್ಲಿ ಪುಡಿಯಾಗಿ ಬರುತ್ತದೆ. ಅದು ಗೋಡೆಗೂ ಕೆಟ್ಟದ್ದು, ನಿಮ್ಮ ಹಲ್ಲಿಗೂ ಕೆಟ್ಟದ್ದು. ಅರ್ಧ ಕಟ್ಟಿದ ಮನೆಗಳೂ ಬೇಡ. ಕಬ್ಬಿಣದ ಸಳಿ ಎಲ್ಲಿ ಚಾಚಿರುತ್ತದೆ ಅಂತ ಹೇಳಲಾಗದು.

ಉದ್ಯಾನದ ಕಟ್ಟೆ, ಆಟದ ಮೈದಾನದ ಮೆಟ್ಟಿಲು, ಹೊಸ ಬಡಾವಣೆಗಳ ಖಾಲಿ ರಸ್ತೆಯಂಚಿನ ಕಲ್ಲು ಸಾಕು. ಬಾಗಲಕೋಟೆಯವರಾದರೆ ನೀವು ಪುಣ್ಯವಂತರು, ನವನಗರದ ಸೆಕ್ಟರುಗಳಲ್ಲಿ ಅಗಲ ರಸ್ತೆ, ಖಾಲಿ ಜಾಗ ಎರಡೂ ಇವೆ. ಹೊತ್ತು ಬೆಳಿಗ್ಗೆ ಐದೂವರೆಯಿಂದ ಏಳು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ಇದು, ಎಂಟರ ಮೇಲೆ ಕಲ್ಲು ಮುಟ್ಟಿದರೆ ಅಂಗೈ ಸುಡುತ್ತದೆ. ನಸುಕಿನ ಹೊತ್ತಿಗೆ ಇನ್ನೊಂದು ಲಾಭವೂ ಇದೆ. ಪೊಲೀಸ್ ಭರ್ತಿ, ಆರ್ಮಿ ಭರ್ತಿಗೆ ತಯಾರಾಗುವ ಹುಡುಗರು ಓಡುತ್ತಿರುತ್ತಾರೆ, ಲಾಂಗ್ ಜಂಪ್ ಹಾರುತ್ತಿರುತ್ತಾರೆ. ಬೆವರು ಸುರಿಸುವವರ ನಡುವೆ ಇನ್ನೊಬ್ಬ ಬೆವರು ಸುರಿಸಿದರೆ ಎದ್ದು ಕಾಣುವುದಿಲ್ಲ.

ವಾಚಮನ್ ಇದ್ದರೆ ಮೊದಲ ದಿನವೇ ಹೋಗಿ ಹೆಸರು ಹೇಳಿ, ಏನು ಮಾಡುತ್ತೀರಿ ಅಂತ ತಿಳಿಸಿ. ಆಮೇಲೆ ಯಾರಾದರೂ ದೂರು ಹೇಳಿದರೆ ನಿಮ್ಮ ಪರವಾಗಿ ಮಾತಾಡುವವನು ಅವನೊಬ್ಬನೇ.

ಹೆಜ್ಜೆ 5: ಮೊದಲ ಆರು ದಿನ ಹಾರಲೇಬೇಡಿ

ನಾನು ಮಾಡಿದ ತಪ್ಪು ಇದೇ. ಹೋದ ದಿನವೇ ಹಾರಬೇಕು ಅಂತ ಹೊರಟೆ. ನೀವು ಹೀಗೆ ಮಾಡಿ. ಎರಡು ದಿನ ಅದೇ ಜಾಗ, ಅದೇ ಹೊತ್ತಿಗೆ ಹೋಗಿ ನಾಲ್ಕು ಸುತ್ತು ನಡೆದು ಬನ್ನಿ. ಎದುರು ಬಂದವರಿಗೆ 'ನಮಸ್ಕಾರ್ರೀ' ಅನ್ನಿ. ಮೂರನೇ ದಿನ ಕಟ್ಟೆ ಹತ್ತಿರ ನಿಂತು ಕೈಕಾಲು ಸಡಿಲ ಮಾಡಿಕೊಳ್ಳಿ. ಹತ್ತು ಬೈಠಕ್, ಹತ್ತು ದಂಡ. ಇದನ್ನು ನೋಡಿ ನಮ್ಮೂರಲ್ಲಿ ಯಾರೂ ಹುಬ್ಬು ಹಾರಿಸುವುದಿಲ್ಲ, ಬದಲಿಗೆ ಇನ್ನೂ ಕೆಳಗೆ ಹೋಗು ಅಂತ ಸಲಹೆ ಕೊಡುತ್ತಾರೆ. ಐದನೇ ದಿನ ರಸ್ತೆಯಂಚಿನ ಕಲ್ಲಿನ ಮೇಲೆ ಹಗ್ಗದ ಮೇಲೆ ನಡೆದ ಹಾಗೆ ನಡೆಯಿರಿ. ಏಳನೇ ದಿನ ಒಂದು ಸಣ್ಣ ಜಿಗಿತ. ಒಂದೇ. ಆಮೇಲೆ ಮನೆಗೆ.

ನಾಲ್ಕು ಕಾಲಲ್ಲಿ ನಡೆಯುವುದನ್ನು ಮಾತ್ರ ಕೊನೆಗಿಡಿ. ಒಳ್ಳೆ ವ್ಯಾಯಾಮ, ಒಪ್ಪಿದೆ. ಆದರೆ ನೋಡಲಿಕ್ಕೆ ಥೇಟ್ ಮಂಗ. ನನಗೆ ಅದನ್ನು ಹೊರಗೆ ಮಾಡಲಿಕ್ಕೆ ಏಳು ತಿಂಗಳು ಬೇಕಾಯಿತು, ಈಗಲೂ ನಾಯಿ ಬೊಗಳುತ್ತದೆ.

ಬಟ್ಟೆ ಬಗ್ಗೆ ಚೂರು. ಹೊಸ ಜಾಗರ್, ಬಣ್ಣದ ಶೂ, ತಲೆಗೆ ಪಟ್ಟಿ, ಇವೆಲ್ಲ ನಾನು ತಂದಿದ್ದೆ. ಜಾಸ್ತಿ ಎದ್ದು ಕಂಡೆ, ಅಷ್ಟೇ. ವಾಕಿಂಗ್ ಬರುವವರು ಹಾಕುವಂಥ ಟ್ರ್ಯಾಕ್ ಪ್ಯಾಂಟ್, ತೆಳ್ಳನೆ ಅಡಿಯ ಸಾದಾ ಶೂ ಸಾಕು.

ಹೆಜ್ಜೆ 6: ಉತ್ತರ ಸಿದ್ಧವಿರಲಿ

ಮಾತು ತಡವರಿಸಿದಾಗಲೇ ನಾಚಿಕೆ ಮೇಲೆ ಬರುವುದು. ಕೇಳುವ ಪ್ರಶ್ನೆಗಳು ನಾಲ್ಕೇ.

'ಏನ್ ನಡಸೀಯೋ ತಮ್ಮಾ?' ಇದಕ್ಕೆ 'ಪಾರ್ಕೂರ್' ಅಂದರೆ ಇನ್ನೂ ಹತ್ತು ಪ್ರಶ್ನೆ ಬರುತ್ತವೆ. 'ಕಸರತ್ರೀ ಕಾಕಾ, ಗೋಡಿ ಹಾರೂದು ಕಲ್ಯಾಕತ್ತೀನಿ' ಅನ್ನಿ. ಕಸರತ್ತು ಅಂದ ಮೇಲೆ ಮುಗಿಯಿತು. ಇನ್ನೂ ಕೇಳಿದರೆ 'ಮಿಲಿಟ್ರಿಯವರು ಮಾಡ್ತಾರಲ್ರೀ, ಹಂಗ' ಅನ್ನಿ. 1963ರಿಂದ ಸೈನಿಕ ಶಾಲೆ ಇರುವ ಊರಿನವರಿಗೆ ಅಷ್ಟು ಸಾಕು.

'ಭರ್ತಿಗೆ ತಯಾರಿ ಏನು?' ಹೌದು ಅನ್ನಬೇಕೆಂದು ಬಹಳ ಅನಿಸುತ್ತದೆ. ಅನ್ನಬೇಡಿ. ನಾನು ಅಂದೆ. ಒಂದು ತಿಂಗಳು ಬಹಳ ಮರ್ಯಾದೆ ಸಿಕ್ಕಿತು, ಒಬ್ಬರು ಖಾರಿಕ ತಂದುಕೊಟ್ಟರು. ಆಮೇಲೆ ದಿನಾ 'ರಿಸಲ್ಟ್ ಏನಾತೋ?' ಅಂತ ಶುರುವಾಯಿತು. ಆ ಉದ್ಯಾನದಲ್ಲಿ ಎರಡು ವಾರ ಮುಖ ತೋರಿಸಲಿಲ್ಲ.

'ಬಿದ್ದು ಕೈಕಾಲು ಮುರಕೊಂಡ್ರ?' ಇದರಲ್ಲಿ ಬೈಗುಳ ಇಲ್ಲ, ಕಾಳಜಿ ಇದೆ. 'ಅದಕ್ಕ ಸಣ್ಣ ಕಟ್ಟಿಯಿಂದ ಶುರು ಮಾಡೀನ್ರೀ ಅಜ್ಜಾರ' ಅಂದರೆ ಅವರಿಗೂ ಸಮಾಧಾನ.

ಕೊನೆಯದು ಹುಡುಗರದ್ದು. ಮೊಬೈಲ್ ಎತ್ತಿ ಹಿಡಿದು 'ಅಣ್ಣಾ, ಒಂದು ಪಲ್ಟಿ ಹೊಡಿ ಅಣ್ಣಾ'. 'ನನಗ ಪಲ್ಟಿ ಬರಂಗಿಲ್ಲೋ' ಅಂತ ಜೋರಾಗಿ ಹೇಳಿ. ಮೊದಲ ಸಲ ಹೇಳುವಾಗ ಗಂಟಲು ಕಟ್ಟುತ್ತದೆ. ಎರಡನೇ ಸಲ ಮೈ ಹಗುರಾಗುತ್ತದೆ. ವಿಡಿಯೋ ಬೇಡ ಅನಿಸಿದರೆ ನಿಂತು, ನೀರು ಕುಡಿದು, ಅವರನ್ನೇ ಮಾತಾಡಿಸಿ. ನಿಂತವನ ವಿಡಿಯೋ ಯಾರೂ ಮಾಡುವುದಿಲ್ಲ. ಚಿಕ್ಕ ಮಕ್ಕಳು ನಕಲು ಮಾಡಲು ಬಂದರೆ ಮಾತ್ರ ದೊಡ್ಡ ಜಿಗಿತ ಆ ಹೊತ್ತಿಗೆ ನಿಲ್ಲಿಸಿಬಿಡಿ. ಗೆರೆ ಎಳೆದು ನೆಲದ ಮೇಲೆ ಹಾರಲು ಹಚ್ಚಿ. ಮರಕೋತಿ ಆಡಿದ ಮಕ್ಕಳಿಗೆ ಇದು ಬೇಗ ಬರುತ್ತದೆ.

ಹೆಜ್ಜೆ 7: ನೋಡುವವರಿಂದ ಕಲಿಯಿರಿ

ಬೆಂಚಿನ ಇಬ್ಬರಲ್ಲಿ ಒಬ್ಬ ಅಜ್ಜ ಇದ್ದರು. ಬಿಳಿ ಟೋಪಿ, ಮುರಿದು ದಪ್ಪಗಾದ ಕಿವಿ. ಆ ಕಿವಿ ನೋಡಿದರೆ ಗರಡಿ ಮನೆಯವರು ಅಂತ ಗೊತ್ತಾಗುತ್ತದೆ. ಮೂರು ವಾರ ಒಂದು ಮಾತಿಲ್ಲದೆ ನನ್ನನ್ನೇ ನೋಡುತ್ತಿದ್ದರು. ಇವರು ಮನಸ್ಸಿನಲ್ಲಿ ಎಷ್ಟು ನಗುತ್ತಿರಬಹುದು ಅಂತ ನಾನು ಒದ್ದಾಡುತ್ತಿದ್ದೆ. ಒಂದು ದಿನ ಕೋಲೂರಿಕೊಂಡು ಎದ್ದು ಬಂದರು.

'ಸಪ್ಪಳ ಭಾಳ ಆತು.'

'ಏನ್ರೀ ಅಜ್ಜಾರ?'

'ಎತ್ತು ಬಿದ್ದಾಂಗ ಬೀಳ್ತೀ. ಬೆಕ್ಕು ಬಿದ್ದಾಂಗ ಬೀಳು.'

ಕೋಲಿನ ತುದಿಯಿಂದ ನನ್ನ ಮೊಣಕಾಲಿನ ಹಿಂಭಾಗ ಮೆತ್ತಗೆ ಒತ್ತಿದರು. ಇಲ್ಲಿ ಮಡಚು ಅಂತ. ಇಳಿಯುವಾಗ ಸದ್ದು ಕಡಿಮೆಯಾದಷ್ಟೂ ಕೀಲಿನ ಮೇಲೆ ಬೀಳುವ ಪೆಟ್ಟು ಕಡಿಮೆ. ಪಾರ್ಕೂರ್ ಕಲಿಸುವವರು ಎಲ್ಲ ಕಡೆ ಹೇಳುವುದೂ ಇದನ್ನೇ. ನಾನು ಮೊಬೈಲಿನಲ್ಲಿ ಹತ್ತು ಸಲ ಕೇಳಿಯೂ ತಿದ್ದಿಕೊಂಡಿರಲಿಲ್ಲ. ಪಾರ್ಕೂರ್ ಹೆಸರೇ ಕೇಳದ ಅಜ್ಜ ಬೆಂಚಿನಲ್ಲಿ ಕೂತು ಬರೀ ಕಿವಿಯಿಂದ ಹಿಡಿದಿದ್ದರು.

ಅವತ್ತಿನಿಂದ ನಾನೇ ಮೊದಲು ಕೇಳುತ್ತೇನೆ: 'ಸಪ್ಪಳ ಕೇಳ್ತೇನ್ರೀ?' ನೋಡುವವರಿಗೆ ಒಂದು ಕೆಲಸ ಕೊಟ್ಟರೆ ಅವರು ನಿಮ್ಮ ಕಡೆಯವರಾಗುತ್ತಾರೆ. ಒಮ್ಮೆ ಪ್ರಯತ್ನಿಸಿ ನೋಡಿ.

ಹೆಜ್ಜೆ 8: ನಾಚಿಕೆ ಹೋದ ಮೇಲೆ ಬರುವ ರೋಗ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾಚಿಕೆಯಿಂದ ಯಾರಿಗೂ ಗಾಯವಾಗುವುದಿಲ್ಲ. ತೋರಿಸುವ ಚಟದಿಂದ ಆಗುತ್ತದೆ. ಐದು ಹುಡುಗರು 'ಇನ್ನೊಮ್ಮೆ, ಇನ್ನೊಮ್ಮೆ' ಅಂದರು ಅಂತ ನಾನು ಒಂದು ದಿನ ಕಾಂಗ್ ವಾಲ್ಟ್ ಮಾಡಹೋದೆ. ಎರಡೂ ಕೈ ಊರಿ, ಕಾಲು ನಡುವಿನಿಂದ ತೂರಿಸುವುದು. ಮನೆಯಲ್ಲಿ ಹತ್ತಕ್ಕೆ ಆರು ಬರುತ್ತಿತ್ತು. ಕಟ್ಟೆಗೆ ಆಗಷ್ಟೇ ಗಿಡಕ್ಕೆ ಬಿಟ್ಟ ನೀರು ಸಿಡಿದಿತ್ತು. ಅಂಗೈ ಜಾರಿತು, ಮುಂಗಾಲಿನ ಮೂಳೆ ಕಟ್ಟೆಯಂಚಿಗೆ ಉಜ್ಜಿತು. ಒಂದು ಗೇಣು ಚರ್ಮ ಹೋಯಿತು. ಈಗಲೂ ಅಲ್ಲಿ ಕೂದಲು ಬೆಳೆಯುವುದಿಲ್ಲ.

ಹಾಗಾಗಿ ಹಾರುವ ಮುಂಚೆ ಪ್ರತಿ ಸಲ ಕೈಯಿಂದ ಕಟ್ಟೆ ಸವರಿ ನೋಡಿ: ತೇವ, ಸಡಿಲ ಕಲ್ಲು, ಬಾಟಲಿ ಚೂರು. ಇಳಿಯುವ ಜಾಗವನ್ನೂ ನಡೆದು ನೋಡಿ. ಯಾರೂ ಇಲ್ಲದಿದ್ದರೂ ಈಗ ಇದನ್ನು ಮಾಡುತ್ತಿದ್ದೆನೇ ಅಂತ ಕೇಳಿಕೊಳ್ಳಿ. ಇಲ್ಲ ಅನಿಸಿದರೆ ಬೇಡ.

ಬಿದ್ದರೆ ಎದ್ದು ತಕ್ಷಣ ಓಡಬೇಡಿ. ಅಲ್ಲೇ ಕೂತು ಮಣಿಕಟ್ಟು, ಕಾಲ್ಮಣಿ ಅಲ್ಲಾಡಿಸಿ ನೋಡಿ. ಜನ ಬಂದು ಎಬ್ಬಿಸುತ್ತಾರೆ, ನೀರು ಕೊಡುತ್ತಾರೆ, ಅರಿಶಿಣ ಹಚ್ಚು ಅನ್ನುತ್ತಾರೆ. ಸಾಬೂನು ನೀರಿನಿಂದ ತೊಳೆಯಿರಿ, ಊದಿಕೊಂಡರೆ ಅಥವಾ ಭಾರ ಹಾಕಲಾಗದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಹುಡುಗಿಯರಿಗೆ

ಮೇಲಿನದೆಲ್ಲ ಗಂಡುಹುಡುಗನ ಅನುಭವ. ನಮ್ಮ ಜೊತೆ ಬರುವ ಪಿಯುಸಿ ಹುಡುಗಿಯೊಬ್ಬಳು ಒಂದು ಮಾತಲ್ಲಿ ಇದನ್ನು ತಿಳಿಸಿದಳು: 'ನಿಮಗ ಮಂದಿ ನಗ್ತಾರನ್ನೋ ಚಿಂತಿ. ನನಗ ಹಿಂದ ಬರ್ತಾರನ್ನೋ ಚಿಂತಿ.' ಅವಳು ಕಂಡುಕೊಂಡ ದಾರಿ ಹೀಗಿದೆ. ಹೆಂಗಸರು ಜಾಸ್ತಿ ವಾಕಿಂಗ್ ಬರುವ ಉದ್ಯಾನ, ಬೆಳಕು ಹರಿದ ಮೇಲಿನ ಹೊತ್ತು, ಜೊತೆಗೆ ಅವರಮ್ಮ. ಅಮ್ಮ ಸುತ್ತು ಹಾಕುತ್ತಾರೆ, ಇವಳು ಹಾರುತ್ತಾಳೆ. ಕೆಟ್ಟದಾಗಿ ನೋಡುವವನಿಗೆ ಉತ್ತರ ಸಿದ್ಧ ಮಾಡಿಕೊಳ್ಳುವ ಅಗತ್ಯ ಇಲ್ಲ. ಅಂಥ ಜಾಗ ಬಿಟ್ಟು ಬನ್ನಿ, ಸೋಲು ಅಂತ ಅಂದುಕೊಳ್ಳಬೇಡಿ. ಅವರಮ್ಮ ಈಗ ಬೇರೆಯವರಿಗೆ ಸೇಫ್ಟಿ ವಾಲ್ಟ್‌ನಲ್ಲಿ ಯಾವ ಕಾಲು ಮೊದಲು ಅಂತ ಹೇಳಿಕೊಡುತ್ತಾರೆ. ತಾವು ಒಂದು ಸಲವೂ ಹಾರಿಲ್ಲ.

ನಡುವೆ ಬಿಟ್ಟುಹೋದರೆ

ಪರೀಕ್ಷೆ, ಮದುವೆ, ಮಳೆ, ಏನೋ ಒಂದು ಬರುತ್ತದೆ. ತಿಂಗಳು ಬಿಟ್ಟರೆ ನಾಚಿಕೆ ಮತ್ತೆ ಬಂದು ಕೂತಿರುತ್ತದೆ. ಗಾಬರಿ ಬೇಡ. ಐದನೇ ಹೆಜ್ಜೆಗೆ ವಾಪಸು ಹೋಗಿ, ಈ ಸಲ ಏಳು ದಿನ ಬೇಕಾಗುವುದಿಲ್ಲ, ಎರಡು ಸಾಕು. ಮೈಯೂ ಮರೆತಿರುತ್ತದೆ, ಮತ್ತೆ ನಾಲ್ಕು ಪಾದದ ಗೆರೆಯಿಂದ ಶುರು ಮಾಡಿ.

ಹೋದ ಮಳೆಗಾಲ ನಾನು ಐದು ವಾರ ಹೋಗಿರಲಿಲ್ಲ. ವಾಪಸು ಹೋದ ದಿನ ಕಟ್ಟೆ ಮುಂದೆ ನಿಂತು ಮತ್ತೆ ಲೇಸ್ ಕಡೆ ಬಗ್ಗಿದೆ. ಬೆಂಚಿನಿಂದ ದನಿ ಬಂತು.

'ಎಲ್ಲಿ ಹೋಗಿದ್ಯೋ? ಕಾಲು ಗೀಲು ಮುರಕೊಂಡಿದ್ಯೇನು?'

'ಇಲ್ರೀ ಅಜ್ಜಾರ, ಮಳಿ ಇತ್ತಲ್ರೀ.'

'ಹೂಂ. ಹಾರು, ಸಪ್ಪಳ ಕೇಳೋಣು.'